ಚಿಕ್ಕಮ್ಮನೊಳಗಿನ ಪಡೆ

ಗುರುವಾರ, ಜೂನ್ ೧೨

ಆಸ್ಪತ್ರೆ ಲ್ಯಾಬಿನ ಟೆಕ್ನಿಷಿಯನ್, ಅಲ್ಲಿನ ಅಧಿಕೃತ ಕೋತಿಯೂ ಆದ ನಾನು ಇಂದು ಒಂದೂ ಕೀಟಲೆ ಮಾಡಲಿಲ್ಲವೆಂದು ಗಂಭೀರವಾಗಿ ದಾಖಲಿಸುತ್ತೇನೆ. ಸೂಕ್ಷ್ಮದರ್ಶಕಕ್ಕೆಂದು ನಾನೇ ಬಣ್ಣ ಹಾಕಿದ ಗಾಜಿನ ಸ್ಲೈಡಿನಲ್ಲಿ ಚಿಕ್ಕಮ್ಮನ ಶ್ವಾಸಕೋಶದ ಗಡ್ಡೆಯ ಚೂರಿತ್ತು.

ಕಸ ನುಂಗಬೇಕಾದ ಮ್ಯಾಕ್ರೋಫೇಜ್ ಕೋಶಗಳು ಕೆಂಪಗೆ ಗಡ್ಡೆಗೇ ಕಾವಲು ನಿಂತಿದ್ದವು, ಮನೆಮುರುಕರು! ಆದರೂ ಅವನ್ನು ದಾಟಿ ಒಳಗೆಲ್ಲ ಕಂದು ಚುಕ್ಕೆಗಳು: ಗಡ್ಡೆಯನ್ನು ಕೊಲ್ಲುವ, ದೇಹದ ರಕ್ಷಣಾ ಪಡೆಯ ಟಿ ಕೋಶಗಳು.

"ಒಳಗೆ ಹೊಕ್ಕಿವೆ ಕಣೋ, ಸುಸ್ತಾಗಿವೆ ಅಷ್ಟೆ," ಎಂದರು ಸ್ಲೈಡು ನೋಡುತ್ತಿದ್ದ ನಮ್ಮ ಲ್ಯಾಬಿನ ಡಾಕ್ಟರಮ್ಮ. "ಹೊಸ ಔಷಧಿ ಇವನ್ನ ಎಬ್ಬಿಸಬಹುದು. ಯಾರ್ದೋ ಇದು?"

ನಮ್ಮವರ ಸ್ಲೈಡನ್ನು ನಾವು ಮುಟ್ಟುವಂತಿಲ್ಲ. ಅದರ ಮೇಲಿದ್ದದ್ದು ಬರೀ ನಂಬರು, ಚಿಕ್ಕಮ್ಮನ ಆಸ್ಪತ್ರೆ ಚೀಟಿಯಲ್ಲಿ ನಾನು ನೋಡಿದ್ದ ನಂಬರು. "ನಂಬರಷ್ಟೇ ಇದೆ ಮೇಡಂ," ಎಂದೆ.

ಮನೆಗೆ ಬಂದು ಚಿಕ್ಕಮ್ಮನ ಮುಂದೆ ಸೆಲ್ಯೂಟ್ ಹೊಡೆದೆ.

"ಏನೋ ಇದು ಹೊಸ ನಾಟಕ?"

"ನಿನಗಲ್ಲ, ನಿನ್ನೊಳಗಿರೋ ಪಡೆಗೆ."

ನಕ್ಕಳು, ಕೆಮ್ಮಿದಳು, ಸುಧಾರಿಸಿಕೊಂಡಳು. ಮೆಟ್ಟಿಲು ಹತ್ತಲಾರದೆ ಅವಳು ಕೂತುಬಿಟ್ಟ ಸಂಜೆಗಳಲ್ಲೂ ಆ ಟಿ ಕೋಶಗಳು ಯಾರೂ ಹೇಳದೆ ಒಂದೊಂದಾಗಿ ಒಳಕ್ಕೆ ನಡೆಯುತ್ತಿದ್ದವಲ್ಲ, ಅದನ್ನು ನೆನೆದರೆ ಇನ್ನೊಂದು ಸೆಲ್ಯೂಟ್ ಹೊಡೆಯಬೇಕೆನಿಸುತ್ತದೆ.