ಐದು ಗಂಟೆಯೊಳಗೆ ಬರೆಯಬೇಕಾದ ಹೆಸರು

ಕೊಪ್ಪ,
೧೨ ಡಿಸೆಂಬರ್ ೨೦೨೫, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ

ಮುದ್ದಿನ ಮೊಮ್ಮಗಳು ಶ್ರೀರಕ್ಷಾಳಿಗೆ ಅಜ್ಜಿಯ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಷ್ಟೆ? ಚಿಕ್ಕಮಗಳೂರಿನದು ಒಣಚಳಿ, ತುಟಿ ಒಡೆದಿದ್ದರೆ ಬೆಣ್ಣೆ ಸವರಿಕೊ, ನಾಲಗೆಯಿಂದ ನೆಕ್ಕಬೇಡ. ಒಡೆದ ತುಟಿಯಿಂದ ಕಹಳೆ ಊದಲಾಗದೆಂದು ನೀನೇ ಹೇಳಿದ್ದೆ. ಶಿಬಿರದಲ್ಲಿ ನಿಮ್ಮ ಫೋನುಗಳನ್ನೆಲ್ಲ ಯಜ್ಞೇಶ ಮೇಷ್ಟ್ರು ತೆಗೆದಿರಿಸಿಕೊಂಡಿರುವುದರಿಂದ ಕಾಗದವನ್ನೇ ಬರೆಯುತ್ತಿದ್ದೇನೆ. ಹನ್ನೆರಡಕ್ಕೆ ಕಲ್ಲೇಶನ ಜೀಪು ಅಲ್ಲಿಗೆ ಹೊರಡುತ್ತದೆ. ಮೂರೂವರೆಯೊಳಗೆ ಇದು ನಿನ್ನ ಕೈಸೇರಬೇಕು. ನಾಡಿದ್ದಿನ ಬ್ಯಾಂಡ್ ಸ್ಪರ್ಧೆಯ ಹೆಸರುಪಟ್ಟಿ ಇಂದು ಐದು ಗಂಟೆಗೆ ಮುಚ್ಚುತ್ತದೆ. ಅದರಲ್ಲಿ ಶಿಲ್ಪಶ್ರೀಯ ಹೆಸರಿಲ್ಲ. ಇರಬೇಕು.

ಆ ಹೆಸರನ್ನು ಕಂಡೊಡನೆ ಕಾಗದವನ್ನು ಮಡಿಸಿಬಿಡಬೇಡ. ಜೂನ್ ತಿಂಗಳಲ್ಲಿ ನಿಮ್ಮ ಬ್ಯಾಂಡಿನ ವಾಡಿಕೆಯಂತೆ ಹತ್ತನೆಯ ತರಗತಿಯ ಒಬ್ಬೊಬ್ಬರಿಗೂ ಎಂಟನೆಯ ತರಗತಿಯ ಒಂದೊಂದು ಮಗುವನ್ನು ಒಪ್ಪಿಸಿದ ದಿನ, ನಿನ್ನ ಪಾಲಿಗೆ ಬಸರೀಕಟ್ಟೆಯ ಕಾಫಿ ತೋಟದ ಕೂಲಿಲೈನಿನ ಹುಡುಗಿ ಬಂದಳೆಂದು ಮುಖ ಊದಿಸಿಕೊಂಡು ಮನೆಗೆ ಬಂದಿದ್ದೆ. "ಅವ್ಳಿಗೆ ಕೆನ್ನೆ ಉಬ್ಬಿಸೋದೊಂದೇ ಗೊತ್ತು ಅಜ್ಜಿ, ಕಪ್ಪೆ ಹಂಗೆ" ಎಂದಿದ್ದೆ. ಆದರೂ ಅವಳಿಗೆ ಕೊಟ್ಟ ಕಹಳೆಯ ಪೆಟ್ಟಿಗೆಯ ಮೇಲೆ ನಿನ್ನ ಹೆಸರಿನ ಕೆಳಗೆ ಅವಳ ಹೆಸರಿನ ಚೀಟಿಯನ್ನು ನೀನೇ ಅಂಟಿಸಿದೆ. ಅಂದಿನಿಂದ ಅವಳ ತಪ್ಪು ಒಪ್ಪುಗಳಿಗೆಲ್ಲ ನೀನೇ ಹೊಣೆ. ಪ್ರತಿ ಶನಿವಾರ ನಮ್ಮ ಜಗಲಿಯಲ್ಲಿ ಅವಳನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ನನ್ನ ದಪ್ಪ ನಿಘಂಟನ್ನಿರಿಸಿ, ಅದು ಮೇಲೇಳುವಂತೆ ಉಸಿರೆಳೆಯಲು ಕಲಿಸಿದೆ. ನಿಘಂಟಿಗೆ ಅಂಥದೊಂದು ಉಪಯೋಗವುಂಟೆಂದು ಈ ವಯಸ್ಸಿನವರೆಗೂ ನನಗೆ ತಿಳಿದಿರಲಿಲ್ಲ. ನವರಾತ್ರಿಯ ಹೊತ್ತಿಗೆ ಒಂದು ಸಂಜೆ ಹೊರಗಿನಿಂದ ನೀಳವಾದ ಸ್ವರವೊಂದು ಕೇಳಿಸಿತು, ನಿನ್ನದೆಂದೇ ತಿಳಿದೆ. ನೀನು ಅಡುಗೆಮನೆಗೆ ಓಡಿಬಂದು "ಅಜ್ಜಿ, ಅದು ನಾನಲ್ಲ, ಅವ್ಳು!" ಎಂದೆ. ನಿನಗೆ ಬಹುಮಾನ ಬಂದ ದಿನವೂ ನಿನ್ನ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ.

ಇನ್ನು ಕಳೆದ ಭಾನುವಾರದ ಮಾತು. ಶೃಂಗೇರಿಯ ಆಯ್ಕೆಯ ಸುತ್ತಿಗೆ ನಾನೂ ಬಂದಿದ್ದೆನಲ್ಲ. ಬೆಳಗಿನ ಏಳೂವರೆ, ತುಂಗೆಯ ಮೇಲಿನ ಮಂಜು ಕರಗಿರಲಿಲ್ಲ, ಶಾಲಿನೊಳಗೂ ನನ್ನ ಬೆರಳುಗಳು ಮರಗಟ್ಟಿದ್ದವು. ಶಿಲ್ಪಶ್ರೀ ಒಬ್ಬಳೇ ಊದಬೇಕಾದ ಭಾಗ ಬಂದಿತು. ಕಹಳೆಯ ಮೂರು ಗುಂಡಿಗಳಲ್ಲಿ ನಡುವಣದನ್ನು ಅವಳು ಒತ್ತಿದಳು. ಅದು ಮತ್ತೆ ಮೇಲೇಳಲಿಲ್ಲ. ಅಪಸ್ವರವೊಂದು ಸಭೆಯ ತುಂಬ ನಿಂತುಬಿಟ್ಟಿತು, ಡ್ರಮ್ಮಿನವರು ತಾಳ ತಪ್ಪಿದರು. "ಕೊಪ್ಪದವ್ರ ಟ್ರಂಪೆಟ್ಟಿಗೆ ನೆಗಡಿ ಮಾರಾಯ!" ಎಂದು ನರಸಿಂಹರಾಜಪುರದ ಮಕ್ಕಳು ನಕ್ಕದ್ದು ನನ್ನ ಕಿವಿಗೂ ಬಿತ್ತು. ನಿಮ್ಮ ತಂಡ ಕಟ್ಟಕಡೆಯ ಸ್ಥಾನದಲ್ಲಿ ಹೇಗೋ ಆಯ್ಕೆಯಾಯಿತು. ವೇದಿಕೆಯ ಮೆಟ್ಟಿಲಿಳಿದೊಡನೆ ನೀನು ಎಲ್ಲರೆದುರಿಗೆ, ಗುಂಡಿಗಳನ್ನು ಬಿಚ್ಚಿ ಒರೆಸಿದ್ದೆಯಾ ಎಂದು ಅವಳನ್ನು ಕೇಳಿದೆ. "ಒರ್ಸಿದ್ದೆ ಅಕ್ಕಾ, ನಿಮ್ಮಾಣೆ" ಎಂದಳು. "ಸುಳ್ಳು ಬೇರೆ ಹೇಳ್ತೀಯಾ?" ಎಂದು ಪೆಟ್ಟಿಗೆಯ ಮೇಲಿನ ಅವಳ ಚೀಟಿಯನ್ನು ಕಿತ್ತೆ. ತಪ್ಪಿಗಾಗಿ ಅಲ್ಲ, ಸುಳ್ಳಿಗಾಗಿ ಅವಳನ್ನು ಬಿಡುತ್ತಿದ್ದೇನೆಂದು ಮೇಷ್ಟ್ರಿಗೆ ಹೇಳಿದೆ. ಮನೆಗೆ ಬಂದು ಊಟಕ್ಕೆ ಕುಳಿತಾಗ "ಆ ಕೂಸಿಗೆ ಶಿಸ್ತು ಕಮ್ಮಿ" ಎಂದು ನಾನೂ ದನಿಗೂಡಿಸಿದೆ.

ನೀನು ಸೋಮವಾರ ನಿನ್ನ ಕಹಳೆಯೊಂದಿಗೆ ಶಿಬಿರಕ್ಕೆ ಹೋದೆ. ಅವಳದು ನಮ್ಮ ಮನೆಯಲ್ಲಿಯೇ ಉಳಿಯಿತು. ಬುಧವಾರ ಅವಳ ತಾಯಿ ವೀರಬಸಮ್ಮ ಅರ್ಧ ದಿನದ ಕೂಲಿ ಬಿಟ್ಟು, ಬ್ಯಾಂಡಿನ ಸಮವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ತಂದಳು. ಬಯಲುಸೀಮೆಯಿಂದ ಬಂದು ಹದಿನೈದು ವರ್ಷವಾದರೂ ಅವಳ ಮಾತು ಅಲ್ಲಿಯದೇ. "ಬೆಲ್ಲ ಕದೀತಾಳ್ರಿ ಅಮ್ಮಾರ, ಇಲ್ಲ ಅನ್ನಂಗಿಲ್ಲ. ಆದ್ರ ಸುಳ್ಳ ಹೇಳಂಗಿಲ್ರಿ" ಎಂದಳು. ಮೂರು ದಿನಗಳಿಂದ ಮಗಳು ಶಾಲೆಗೆ ಹೋಗಿಲ್ಲವಂತೆ. ಸಮವಸ್ತ್ರವನ್ನು ಶಾಲೆಯವರಿಗೇ ಒಪ್ಪಿಸೆಂದು ನಾನು ಅದನ್ನು ಮುಟ್ಟದೆ ಕಳುಹಿಸಿದೆ.

ಅವಳು ಹೋದ ಮೇಲೆ ಪೆಟ್ಟಿಗೆಯನ್ನು ತೆರೆದೆ. ನಡುವಣ ಗುಂಡಿ ಕಲ್ಲಿನಂತೆ ಕುಳಿತಿತ್ತು. ಅಂಗಳದ ಬಿಸಿಲಿನಲ್ಲಿ ಇರಿಸಿದೆ; ಅರ್ಧ ಗಂಟೆಯಲ್ಲಿ ತಾನಾಗಿಯೇ ಮೇಲೆದ್ದಿತು. ಬಿಚ್ಚಿ ನೋಡಿದರೆ ಸಂದಿನಲ್ಲಿ ಬಿಳಿಯ ಜಿಡ್ಡು. ನಮ್ಮ ಬಚ್ಚಲುಮನೆಯ ಸೀಸೆಯಲ್ಲಿ ಈ ತಿಂಗಳೆಲ್ಲ ಹೆಪ್ಪುಗಟ್ಟಿ ಕುಳಿತಿರುತ್ತದಲ್ಲ, ಅದೇ ಕೊಬ್ಬರಿ ಎಣ್ಣೆ. ಹಾಕಿದವಳು ನಾನು, ಶ್ರೀರಕ್ಷಾ. ಶೃಂಗೇರಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಆ ಮಗು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ನೀನು ಕೊಟ್ಟ ಎಣ್ಣೆಯನ್ನು ಎರಡೆರಡೇ ತೊಟ್ಟು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ; ಕಂಡೂ ಭಾನುವಾರ ನಿನ್ನ ಸಿಟ್ಟಿನ ಮುಂದೆ ಅದನ್ನು ಹೇಳಲಿಲ್ಲ. ನೀವಿಬ್ಬರೂ ತಿಂಡಿಗೆ ಒಳಗೆ ಹೋದಾಗ, ಎರಡು ತೊಟ್ಟು ಯಾವ ಮೂಲೆಗೆ ಸಾಕೆಂದುಕೊಂಡು ಬಿಸಿನೀರಿನ ಒಲೆಯ ಬಳಿ ಕರಗಿದ್ದ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ಬೀಗಕ್ಕೆ, ಬಾಗಿಲಿನ ತಿರುಗಣಿಗೆ ಹಾಕುವ ಕೈ, ಇದಕ್ಕೂ ಹಾಕಿತು. ಜಗಲಿಯ ಬಿಸಿಲಿನಲ್ಲಿ ಗುಂಡಿ ಬೆಣ್ಣೆಯಂತೆ ಜಾರಿತು. ಶೃಂಗೇರಿಯ ಚಳಿಯಲ್ಲಿ ಹೆಪ್ಪುಗಟ್ಟಿತು.

ನಿನ್ನೆ ಮೇಷ್ಟ್ರಿಗೆ ದೂರವಾಣಿ ಮಾಡಿ, ಆ ಹುಡುಗಿಯನ್ನು ಸೇರಿಸಿಕೊಳ್ಳಿ ಎಂದೆ. "ಯಾಕಮ್ಮಾ?" ಎಂದರು. ಒಳ್ಳೆಯ ಹುಡುಗಿ ಎಂದಷ್ಟೇ ಹೇಳಿದೆ. "ಕಿರಿಯರ ಹೊಣೆ ಹಿರಿಯರದ್ದು. ಶ್ರೀರಕ್ಷಾ ಬಂದು ಹೇಳ್ಲಿ, ಐದು ಗಂಟೆ ಒಳಗೆ ಹೆಸ್ರು ಬರೀತೇನೆ" ಎಂದರು. ಮೂವತ್ತೊಂದು ವರ್ಷ ಪಾಠ ಹೇಳಿದವಳು ಒಂದು ವಾಕ್ಯವನ್ನು ಆಡಲಾರದೆ ಹೋದೆ. ಈಗ ಬರೆದಿದ್ದೇನೆ. ಇದನ್ನು ಮೇಷ್ಟ್ರ ಮುಂದೆ, ತಂಡದ ಮುಂದೆ ಗಟ್ಟಿಯಾಗಿ ಓದು. ನನ್ನ ಮರ್ಯಾದೆಗೆಂದು ಒಂದಕ್ಷರವನ್ನೂ ಬಿಡಬೇಡ. ಸುಳ್ಳುಗಾತಿ ಎಂದು ಎಲ್ಲರೆದುರಿಗೆ ಕರೆದವಳು, ಅಲ್ಲವೆಂದು ಎಲ್ಲರೆದುರಿಗೇ ಹೇಳಬೇಕು. ಅದು ನಿನ್ನ ಪಾಲಿನದು, ಉಳಿದುದೆಲ್ಲ ನನ್ನದು.

ನಿನ್ನ ಉಸಿರು ದೀರ್ಘವಾಗಿರಲಿ, ಸ್ವರ ನಿಲ್ಲಲಿ. ಮೇಷ್ಟ್ರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತು ನಿನ್ನ ಅಜ್ಜಿ,
ಗೋದಾವರಿ

ಮರೆತ ಮಾತು: ಕಲ್ಲೇಶ ಹಾರನ್ ಒತ್ತುತ್ತಿದ್ದಾನೆ. ಬಸರೀಕಟ್ಟೆಯಿಂದ ಶಿಲ್ಪಶ್ರೀಯನ್ನೂ ಕರೆತರಲು ಅವನಿಗೆ ಹೇಳಿದ್ದೆ. ಸಮವಸ್ತ್ರವನ್ನು ಮೇಷ್ಟ್ರಿಗೆ ಹಿಂದಿರುಗಿಸಲೆಂದೇ ತನ್ನನ್ನು ಕರೆದೊಯ್ಯುತ್ತಿದ್ದಾರೆಂದು ಅವಳು ತಿಳಿದಿದ್ದಾಳೆ. ನಿಜ ಹೇಳೋಣವೆಂದು ಜೀಪಿನ ಬಳಿಗೆ ಹೋದರೆ ಅವಳೇ ನನ್ನನ್ನು ಸಮಾಧಾನಪಡಿಸಿದಳು: "ಬೇಜಾರ್ ಮಾಡ್ಕೋಬೇಡಿ ಅಜ್ಜಿ, ನಾನೇ ಸರಿಯಾಗಿ ಒರ್ಸಿರ್ಲಿಕ್ಕಿಲ್ಲ." ಐದು ದಿನಗಳಲ್ಲಿ ನಾವು ಅವಳನ್ನು ಅಷ್ಟು ನಂಬಿಸಿದ್ದೇವೆ. ಆದ್ದರಿಂದ ಜಿಡ್ಡು ಒರೆಸಿದ ಅವಳ ಕಹಳೆಯನ್ನೆತ್ತಿಕೊಂಡು ನಾನೂ ಜೀಪು ಹತ್ತುತ್ತಿದ್ದೇನೆ. ಈ ಕಾಗದವನ್ನು ಅಂಟಿಸುವುದಿಲ್ಲ. ಮೊದಲು ಅವಳು ಓದಲಿ. ಆಮೇಲೆ, ಕೊಡುವ ಮನಸ್ಸಾದರೆ, ಅವಳೇ ನಿನ್ನ ಕೈಗೆ ಕೊಡಲಿ.