ಉಳಿದ ಒಂದು ಗಾರ್ಡ್

ಮಾರ್ಚ್ 4, ಸಂಜೆ

ಇವತ್ತೂ ಅದೇ. ಕಾರು ಎತ್ತು, ಗಾರ್ಡ್ ಕೂರಿಸು, ಇಳಿಸು. ಕಂಪನಿ ಈ ಮಾಡೆಲನ್ನೆಲ್ಲ ರಿಪೇರಿಗೆ ವಾಪಸ್ ಕರೆಸಿದೆ, ರಿಕಾಲ್ ಅಂತ — ಹಿಂದಿನಿಂದ ಯಾರಾದರೂ ಗುದ್ದಿದರೆ ಆಕ್ಸಲ್ ಬೋಲ್ಟ್ ಪೆಟ್ರೋಲ್ ಟ್ಯಾಂಕಿಗೆ ಚುಚ್ಚಬಹುದು. ಆಮೇಲೆ ಒಂದು ಕಿಡಿ ಸಾಕು. ನಡುವೆ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಇದ್ದರೆ ಬಚಾವ್.

ರಿಟೈರ್ಡ್ ಮೇಷ್ಟ್ರೊಬ್ಬರು ಜಗಳಕ್ಕೇ ನಿಂತರು. "ಇಷ್ಟು ವರ್ಷದಲ್ಲಿ ಒಂದು ಇರುವೆಗೂ ಗುದ್ದಿಲ್ಲಮ್ಮ ನಾನು!"

"ಸರ್, ಗುದ್ದೋದು ನೀವಲ್ಲ. ನಿಮ್ಮ ಹಿಂದಿನೋನು."

ತೆಪ್ಪಗೆ ಕೀ ಕೊಟ್ಟರು. ವರ್ಕ್‌ಶಾಪಿನಲ್ಲಿ ನನ್ನ ಮಾತೇ ಮಾತು.

ಮಾರ್ಚ್ 6

ನನ್ನ ಹೊಸ ಉಪಾಯ! ಕೆಲಸ ಮುಗಿದ ಗುರುತಿಗೆ ಬಂಪರ್ ಕೆಳಗೆ ಹಳದಿ ಚುಕ್ಕೆ ಇಡುತ್ತೇವೆ. ಅದು ಒಣಗುವ ತನಕ ಲಿಫ್ಟ್ ಖಾಲಿಯಾಗುವುದಿಲ್ಲ. ಅದಕ್ಕೇ — ಮೊದಲು ಚುಕ್ಕೆ, ಆಮೇಲೆ ಗಾರ್ಡ್. ಕೂರಿಸುವಷ್ಟರಲ್ಲಿ ಒಣಗಿರುತ್ತದೆ. ಮ್ಯಾನೇಜರ್ ಎಲ್ಲರೆದುರು ಹೊಗಳಿದರು. ಪೇಂಟರ್ ಮಾತ್ರ ಗೊಣಗಿದ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ."

ಹೊಟ್ಟೆಕಿಚ್ಚು.

ಮಾರ್ಚ್ 9, ಶನಿವಾರ

ಬೈದು ಬೈದು ಕೊನೆಗೂ ಅಕ್ಕನ ಕಾರು ತರಿಸಿದೆ. ಅದೇ ಮಾಡೆಲ್. ಹಿಂದಿನ ಸೀಟಿನಲ್ಲಿ ಅವಳ ಅವಳಿ ಹೆಣ್ಣುಮಕ್ಕಳು ಕೂರುತ್ತವೆ, ನೇರ ಟ್ಯಾಂಕಿನ ಮೇಲೆ. ನಾನೇ ಲಿಫ್ಟಿಗೆ ಹಾಕಿದೆ, ನಾನೇ ಚುಕ್ಕೆ ಇಟ್ಟೆ. ಅಷ್ಟರಲ್ಲಿ ಮ್ಯಾನೇಜರ್ ಕರೆದರು. ವಾಪಸ್ ಬಂದಾಗ ಕಾರು ತೊಳೆದು ಹೊರಗೆ ನಿಂತಿತ್ತು. ಜೊತೆಯ ಮೆಕ್ಯಾನಿಕ್ ಮುಗಿಸಿರಬೇಕು.

"ಆಯ್ತೇನೇ, ಮೇಸ್ತ್ರಿ?" ಅಂದಳು ಅಕ್ಕ.

"ನನ್ನ ಕೈ ಬಿದ್ದ ಮೇಲೆ ಆದ ಹಾಗೇ. ಧೈರ್ಯವಾಗಿ ಹೋಗು."

ಮಾರ್ಚ್ 11, ಬೆಳಗ್ಗೆ

ಸ್ಟೋರಿನಲ್ಲಿ ಒಂದು ಗಾರ್ಡ್ ಉಳಿದಿದೆ. ಕಾರಿಗೊಂದರಂತೆ ತರಿಸಿದ್ದು — ಉಳಿಯುವ ಹಾಗಿಲ್ಲ. ಮೆಕ್ಯಾನಿಕ್‌ನನ್ನು ಕೇಳಿದೆ, ಶನಿವಾರ ನಮ್ಮ ಅಕ್ಕನ ಕಾರಿಗೆ ಹಾಕಿದೆಯಾ?

"ಚುಕ್ಕೆ ಇತ್ತಲ್ಲ ಮೇಡಂ. ನೀವೇ ಮುಗಿಸಿದೀರ ಅಂತ ಇಳಿಸಿಬಿಟ್ಟೆ."

ಅಕ್ಕನಿಗೆ ಫೋನ್. ಎತ್ತುತ್ತಿಲ್ಲ. ಓಡಿಸುವಾಗ ಎತ್ತಬೇಡ ಎಂದು ಕಲಿಸಿದವಳು ನಾನೇ. ಮತ್ತೆ ಮಾಡಿದೆ. ಮತ್ತೆ...

ಅದೇ ದಿನ, ಮಧ್ಯಾಹ್ನ

ಸಿಕ್ಕಳು. ದೇವರೇ.

"ಈಗಲೇ ನಿಲ್ಸು. ಮಕ್ಕಳನ್ನ ಇಳಿಸು. ಕಾರು ಎಳ್ಕೊಂಡು ಬರೋಕೆ ಗಾಡಿ ಕಳಿಸ್ತೀನಿ."

"ನಿನ್ನ ತಲೆ! ನಿನ್ನೆ ಸಿಗ್ನಲ್‌ನಲ್ಲಿ ಒಬ್ಬ ಹಿಂದಿನಿಂದ ಗುದ್ದಿದ. ಏನೂ ಆಗಲಿಲ್ಲ ಕಣೇ. ನನ್ನ ತಂಗಿ ಗಾರ್ಡ್ ಹಾಕಿದಾಳೆ, ಹೋಗೋ ಅಂತ ಜಂಬ ಕೊಚ್ಚಿ ಬಂದೆ."

ಎಲ್ಲಿದೀಯ ಅಂತಷ್ಟೇ ಕೇಳಿ ಗಾಡಿ ಕಳಿಸಿದೆ.

ಮಾರ್ಚ್ 12, ಸಂಜೆ

ಇನ್ನು ಮೇಲೆ ಚುಕ್ಕೆ ಕೊನೆಗೇ. ಬೆಳಗ್ಗೆ ಎಲ್ಲರೆದುರು ಹೇಳಿದೆ, ತಪ್ಪು ನನ್ನದೇ ಎಂದೂ ಹೇಳಿದೆ. ಪೇಂಟರ್ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಅಕ್ಕನ ಕಾರು ಎತ್ತಿದೆ. ಟ್ಯಾಂಕಿಗೆ ಬೋಲ್ಟ್ ತಗುಲಿ ತಗ್ಗು ಬಿದ್ದಿದೆ, ಹೆಬ್ಬೆರಳು ಕೂರುವಷ್ಟು. ತೂತಾಗಿಲ್ಲ. ಹೊಸ ಟ್ಯಾಂಕು, ಗಾರ್ಡು ಎರಡೂ ನಾನೇ ಹಾಕುತ್ತೇನೆ. ಈ ಕೆಲಸ ನನಗಿಂತ ಚೆನ್ನಾಗಿ ಇಲ್ಲಿ ಯಾರಿಗೂ ಬರುವುದಿಲ್ಲ, ಈಗಲೂ. ಆದರೆ ಬದಲಾಯಿಸುವ ಮೊದಲು ಅಕ್ಕನಿಗೆ ತೋರಿಸಬೇಕಿತ್ತು. ಕರೆದೆ. ಅವಳಿಗಳನ್ನು ವೇಟಿಂಗ್ ರೂಮಿನಲ್ಲಿ ಕೂರಿಸಿ ಬಂದಳು.

"ಎಲ್ಲಾ ಸರಿ ಇದೆ ತಾನೇ? ನೀನೇ ಅಲ್ವೇನೇ ಮಾಡಿದ್ದು."

ಅವಳ ಹೆಬ್ಬೆರಳು ಹಿಡಿದು ತಗ್ಗಿನೊಳಗಿಟ್ಟೆ.

"ಏನೇ ಇದು?"

ಗಾಜಿನಾಚೆಯಿಂದ ಮಕ್ಕಳು ನನಗೆ ಕೈ ಬೀಸುತ್ತಿದ್ದವು. ಹೇಳಿದೆ. ನಿನ್ನ ಕಾರಿಗೆ ನಾನು ಮೊದಲು ಚುಕ್ಕೆ ಇಟ್ಟೆ ಅಕ್ಕ, ಆಮೇಲೆ...