ಅಂಗಡಿಗೆ ಬಂದ ಮುಖ

ಫೆಬ್ರವರಿ 3, ಸೋಮವಾರ. ಬಸ್ಸಿನಲ್ಲಿ

ಸೀಟು ಸಿಕ್ಕಿತು. ಕಿಟಕಿ ಪಕ್ಕ. ಇವತ್ತೂ ಅದೇ ಹಸಿರು ಮೇಲಂಗಿಯ ಕೆಲಸ. ಗೇಮಿನ ಯೋಧೆ ಓಡಿದರೆ ಅಂಚು ಕಾಲಿನೊಳಗೆ ತೂರುತ್ತದೆ, ಕೂತರೆ ಕುರ್ಚಿಯೊಳಗೆ. ದರ್ಜಿಯಾಗಿದ್ದರೆ ಒಂದು ಮಡಿಕೆ ಹೊಲಿದು ಕೈತೊಳೆದುಕೊಳ್ಳುತ್ತಿದ್ದೆ. ಆನ್‌ಲೈನ್ ಗೇಮಿನ ಬಟ್ಟೆಗೆ ಸೂಜಿ ಇಲ್ಲ, ದಾರ ಇಲ್ಲ, ಹಾಕಿಕೊಂಡವರಿಗೆ ಬೆವರೂ ಇಲ್ಲ. ಆದರೂ ಜನ ಕೊಳ್ಳುತ್ತಾರೆ. ಹೊಸದು ಬಂದ ದಿನವೇ ಮುಗಿಬೀಳುತ್ತಾರೆ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಪಾದರಕ್ಷೆ ಬಿಟ್ಟು ಬೇರೇನೂ ಮಾಡುವುದಿಲ್ಲ. ಎಲ್ಲರಿಗೂ ಅವನು ‘ಬೂಟು’. ಈ ಆಫೀಸಲ್ಲಿ ಬಹಿರಂಗವಾಗಿ ಕಾಲು ಹಿಡಿಯೋನು ತಾನೊಬ್ಬನೇ ಎನ್ನುತ್ತಾನೆ.

ಮನೆಯಲ್ಲಿ ತಂಗಿ ಮೇಲಂಗಿಗೆ ಕಾಯುತ್ತಿದ್ದಾಳೆ. ಸಿಬ್ಬಂದಿಗೆ ಹೊಸ ಬಟ್ಟೆ ಪುಕ್ಕಟೆ ಪಡೆಯುವ ಕೋಡ್ ಸಿಗುತ್ತದೆ. ನಾನು ಆಡುವುದಿಲ್ಲ, ಎಲ್ಲ ಅವಳಿಗೇ. ನಾನು ಮಾಡಿದ್ದನ್ನು ಮೊದಲು ತೊಡುವವಳು ಅವಳೇ.

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ

ಅಮ್ಮ ಮಲಗಿದ್ದಾಳೆ. ತಂಗಿ ತನ್ನ ಕೋಣೆಯಲ್ಲಿ, ಗೇಮಿನ ಸಂತೆ ಚೌಕದಲ್ಲಿ, ಹಸಿರು ಮೇಲಂಗಿ ಹಾಕಿಕೊಂಡು ಅಡ್ಡಾಡುತ್ತಿದ್ದಾಳೆ. ಕಾದಾಡಲು ಹೋಗುವುದು ಕಡಿಮೆ. ಸುಮ್ಮನೆ ನಡೆಯುತ್ತಾಳೆ, ನಿಲ್ಲುತ್ತಾಳೆ. ಜನ ಮಾತಾಡಿಸುತ್ತಾರೆ. ಮುಖ ಎಷ್ಟು ಚೆನ್ನಾಗಿದೆ, ಹೇಗೆ ಮಾಡಿದೆ ಎಂದು ಕೇಳುತ್ತಾರೆ. ಹೇಳುವುದಿಲ್ಲ.

ಅದು ಅವಳದೇ ಮುಖ. ಬೆಂಕಿಗೆ ಮುಂಚಿನದು.

ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಸ್ಪಿರಿಟ್ ಬಾಟಲಿ ಉರುಳಿತು, ಹಳೆಯ ವೈರು ಕಿಡಿ ಕಾರಿತು, ಪರದೆಗಳು ಹತ್ತಿಕೊಂಡವು. ಕಣ್ಣು ಮುಚ್ಚಿ ಮಲಗಿದ್ದ ಗಿರಾಕಿಯನ್ನು ಎಬ್ಬಿಸಿ ಹೊರಗೆ ತಳ್ಳುವಷ್ಟರಲ್ಲಿ ತಾನು ಹಿಂದುಳಿದಳು. ಆಸ್ಪತ್ರೆಯಿಂದ ಬಂದವಳು ಕನ್ನಡಿ ಕೇಳಲಿಲ್ಲ, ನಮ್ಮ ಫೋನುಗಳನ್ನು ಕೇಳಿದಳು. ತನ್ನ ಫೋಟೋ ಒಂದೊಂದನ್ನೂ ಅಳಿಸಿದಳು. ಚಿಕ್ಕಮ್ಮನಿಗೆ, ಗೆಳತಿಯರಿಗೆ ಫೋನು ಮಾಡಿ, ಅವರ ಹತ್ತಿರ ಇದ್ದದ್ದನ್ನೂ ಹಠ ಹಿಡಿದು ಅಳಿಸಿಸಿದಳು. ಗುರುತಿನ ಚೀಟಿಯನ್ನು ಕತ್ತರಿಯಿಂದ ತುಂಡು ಮಾಡಿದಳು. ಅಮ್ಮನೂ ನಾನೂ ತಡೆಯಲಿಲ್ಲ. ಗಾಯದ ಮೇಲೆ ಉಪ್ಪು ಯಾಕೆ ಎಂದುಕೊಂಡೆವು.

ಎಷ್ಟೋ ತಿಂಗಳಾದ ಮೇಲೆ ಗೇಮಿನಲ್ಲಿ ಮುಖ ಕಟ್ಟಲು ಕೂತಳು. ಮೂಗಿಗೊಂದು ಪಟ್ಟಿ, ತುಟಿಗೊಂದು ಪಟ್ಟಿ — ಅತ್ತ ಎಳೆದರೆ ದಪ್ಪ, ಇತ್ತ ಎಳೆದರೆ ತೆಳು. ಬೇಸಿಗೆಯೆಲ್ಲ ಎಳೆದಳು. ನೂರಾರು ಮುಖ ತಿದ್ದಿದ ಕೈ ಅದು. ಒಂದು ಸಂಜೆ ಅಮ್ಮನನ್ನು ಕರೆದು ತೋರಿಸಿದಳು. ಅಮ್ಮ ಬಹಳ ಹೊತ್ತು ನೋಡಿದಳು.

“ಕೂದಲು ಬಾಚ್ಕೋಬಾರ್ದಾ,” ಎಂದಳು. ಪರದೆಗೆ.

ಫೆಬ್ರವರಿ 20, ಗುರುವಾರ

ಮೀಟಿಂಗು. ಬಟ್ಟೆ ವ್ಯಾಪಾರ ಕುಗ್ಗಿದೆಯಂತೆ. ಲೀಡ್ — ನಮ್ಮ ತಂಡದ ಮುಖ್ಯಸ್ಥ, ದನಿ ಏರಿಸದ ಮನುಷ್ಯ — ಇನ್ನು ಮುಖವನ್ನೇ ಮಾರೋಣ ಎಂದ. ಪಟ್ಟಿ ಎಳೆಯುತ್ತ ಕೂರುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆಟಗಾರರೇ ಮಾಡಿದ, ಜನ ಮೆಚ್ಚಿದ ಮುಖಗಳನ್ನು ಆರಿಸುವುದು, ನಯ ಮಾಡುವುದು, ಬಟ್ಟೆಯ ಜೊತೆ ಸೇರಿಸಿ ಗೇಮಿನ ಅಂಗಡಿಯಲ್ಲಿ ಇಡುವುದು. ಮಾಡಿದವರನ್ನು ಕೇಳಬೇಕಿಲ್ಲ. ಆಟಕ್ಕೆ ಸೇರುವಾಗ ಎಲ್ಲರೂ ‘ಒಪ್ಪಿದ್ದೇನೆ’ ಒತ್ತಿರುತ್ತಾರೆ.

ಬಟ್ಟೆ ಬಿಚ್ಚಿದ್ದಾಯ್ತು, ಇನ್ನು ಚರ್ಮಾನೂ ಸುಲಿಯೋದು ಎಂದು ಬೂಟು ಪಿಸುಗುಟ್ಟಿದ. ನಕ್ಕೆ.

ಊಟದ ನಂತರ ಫೈಲುಗಳು ಬಂದವು. ಎತ್ತರ ಕಾಲರಿನ ಅಂಗಿಗಳನ್ನು ಈ ಮುಖಗಳಿಗೆ ಹೊಂದಿಸುವುದು ನನ್ನ ಪಾಲಿನ ಕೆಲಸ. ಮೊದಲ ಎರಡು ಯಾರೋ. ಮೂರನೆಯದು ತೆರೆದೆ.

ತಂಗಿ.

ಹೆಸರೂ ಇಟ್ಟಾಗಿದೆ. ‘ಮುಗ್ಧೆ’.

ಫೆಬ್ರವರಿ 21, ಶುಕ್ರವಾರ

ಲೀಡ್ ಬಳಿ ಹೋದೆ. ಇದು ನನ್ನ ತಂಗಿಯ ಮುಖ, ಕಲ್ಪನೆಯದಲ್ಲ, ನಿಜವಾದ್ದು ಎಂದೆ. ಬೆಂಕಿಯ ವಿಷಯವನ್ನೂ ಹೇಳಿದೆ. ಕುರ್ಚಿ ಹತ್ತಿರ ಎಳೆದುಕೊಂಡು ಪೂರ್ತಿ ಕೇಳಿದ. ಕೇಳಿದ ರೀತಿ ನೋಡಿ ಆಸೆ ಹುಟ್ಟಿತು.

“ಕೇಳಿದ್ರೆ ಸಂಕಟ ಆಗುತ್ತೆ. ಆದ್ರೆ ಒಂದು ಯೋಚನೆ ಮಾಡಿ. ಅವರ ಮುಖ ಇಷ್ಟು ಜನಕ್ಕೆ ಹಿಡಿಸಿದೆ ಅಂದ್ರೆ ಅವರಿಗೆ ಖುಷಿ ಆಗಲ್ವಾ?”

ಕಷ್ಟವಾದರೆ ಬೇರೆಯವರಿಗೆ ಕೊಡುತ್ತೇನೆ ಎಂದ. ಬೇರೆಯವರ ಕೈಗೆ ಅವಳ ಮುಖವಾ? ಬೇಡ, ನಾನೇ ಮಾಡುತ್ತೇನೆ ಎಂದುಬಿಟ್ಟೆ. ನನ್ನ ಕೈಯಲ್ಲಿದ್ದರೆ ಜೋಪಾನವಾಗಿರುತ್ತದೆ ಎಂದುಕೊಂಡೆ.

ಮನೆಗೆ ಬಂದು ಹೇಳಬೇಕೆಂದಿದ್ದೆ. ತಂಗಿ ಗೆಲುವಾಗಿದ್ದಳು, ಅಮ್ಮನಿಗೆ ಏನೋ ತಮಾಷೆ ಹೇಳುತ್ತಿದ್ದಳು. ನಾಳೆ ಹೇಳಿದರಾಯಿತು.

ಮಾರ್ಚ್ 6, ಗುರುವಾರ

ಹೇಳಿಲ್ಲ.

ಗದ್ದ ಕಾಲರಿಗೆ ಚುಚ್ಚುತ್ತದೆ. ಅದು ತೀರಿಹೋದ ಅಪ್ಪನ ಗದ್ದ, ಚೂಪು, ಸ್ವಲ್ಪ ಮುಂದೆ. ತಲೆ ಬಗ್ಗಿಸಿದಾಗಲೆಲ್ಲ ಬಟ್ಟೆ ತೂರಿಕೊಂಡು ಹೊರಬರುತ್ತದೆ. ಕಾಲರನ್ನೇ ಇಳಿಸಬಹುದಾ ಎಂದು ಕೇಳಿದೆ. ಬಟ್ಟೆಯ ಚಿತ್ರ ಆಗಲೇ ಜಾಹೀರಾತಿಗೆ ಹೋಗಿದೆಯಂತೆ. ಗದ್ದ ಇಳಿಸಿ ಎಂದ ಲೀಡ್. ಹಾಗೇ ಬಾಯನ್ನೂ ನೋಡಿ, ನಕ್ಕರೆ ಒಂದೇ ಕಡೆ ಮೇಲೆ ಹೋಗುತ್ತೆ, ಸಮ ಮಾಡಿ ಎಂದ.

ಇಳಿಸಿದೆ. ಸಮ ಮಾಡಿದೆ. ಬಟ್ಟೆಯ ಅಳತೆಗೆ ಮುಖ ಕತ್ತರಿಸಿದೆ.

ಚೆನ್ನಾಗಿ ಬಂತು ಎಂದರು ಎಲ್ಲರೂ. ಲೀಡ್ ಬಿಟ್ಟರೆ ಬೂಟಿಗೆ ಮಾತ್ರ ಇದು ಯಾರೆಂದು ಹೇಳಿದ್ದೆ. ಅವನು ತನ್ನ ಪರದೆಯಿಂದ ಕಣ್ಣೆತ್ತಲಿಲ್ಲ.

ಮಾರ್ಚ್ 7, ಶುಕ್ರವಾರ

ನಾಳೆ ಖಂಡಿತ.

ಏಪ್ರಿಲ್ 11, ಶುಕ್ರವಾರ

ಬೆಳಿಗ್ಗೆ ‘ಮುಗ್ಧೆ’ ಅಂಗಡಿಗೆ ಬಂದಳು. ಆಫೀಸಿನಲ್ಲಿ ಕೇಕು ಕತ್ತರಿಸಿದರು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೊರಟೆ. ಅವಳು ನೋಡುವ ಮೊದಲೇ ಬಾಯಿಬಿಡಬೇಕು… ಬಸ್ಸು ಬೇಗ ಬರಲಿಲ್ಲ.

ನೋಡಿಯಾಗಿತ್ತು. ತಿಂಡಿಗೂ ಎದ್ದು ಬಂದಿಲ್ಲ ಎಂದು ಅಮ್ಮ ಬಾಗಿಲಲ್ಲೇ ಹೇಳಿದಳು.

ಪರದೆಯ ಮೇಲೆ ಸಂತೆ ಚೌಕ. ಚೌಕದ ತುಂಬ ತಂಗಿ. ಕೊಂಬಿಟ್ಟುಕೊಂಡ ತಂಗಿ, ಕೋವಿ ಹಿಡಿದ ತಂಗಿ, ಅರೆಬರೆ ಬಟ್ಟೆಯಲ್ಲಿ ಕಾರಂಜಿ ಕಟ್ಟೆ ಹತ್ತಿ ಕುಣಿಯುವ ತಂಗಿ. ಮೂಲೆಯಲ್ಲಿ ಒಂದು ಗುಂಪು ಸತ್ತುಬಿದ್ದ ಇನ್ನೊಬ್ಬ ತಂಗಿಯ ಮೇಲೆ ಹತ್ತಿ ಇಳಿದು ಆಡುತ್ತಿತ್ತು. ನಡುವೆ ಹಸಿರು ಮೇಲಂಗಿಯವಳು ಅಲುಗಾಡದೆ ನಿಂತಿದ್ದಳು. ನೀನೂ ಕೊಂಡ್ಯಾ, ಸೂಪರ್ ಅಲ್ವಾ ಎಂದು ಯಾರೋ ಅವಳಿಗೆ ಬರೆದಿದ್ದರು.

ಕಂಪನಿಯಿಂದ ಅವಳಿಗೂ ಸಂದೇಶ ಬಂದಿತ್ತು. ಅಭಿನಂದನೆ, ನಿಮ್ಮ ಮುಖ ಆಯ್ಕೆಯಾಗಿದೆ, ತಿದ್ದಿದ ಹೊಸ ಮುಖವನ್ನು ನಿಮಗೆ ಉಚಿತವಾಗಿ ತೊಡಿಸಿದ್ದೇವೆ. ಹಳೆಯದರ ಜಾಗದಲ್ಲೇ ತೊಡಿಸಿದ್ದರು. ಇನ್ನು ಅದನ್ನು ಅವಳೂ ಬದಲಿಸುವಂತಿಲ್ಲ. ಬೀಗ ಹಾಕಿದ್ದರು. ಇದು ನನಗೂ ಗೊತ್ತಿರಲಿಲ್ಲ.

ತಿರುಗದೆಯೇ ಕೇಳಿದಳು.

“ಅಕ್ಕ, ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಈ ಗದ್ದ ಯಾರು ಕೆತ್ತಿದ್ದು?”

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. “ನಾನೇ,” ಎಂದೆ.

ತಲೆಯಾಡಿಸಿದಳು. ಪಾರ್ಲರಿನಲ್ಲಿ ಹೊಸದಾಗಿ ಸೇರಿದವರ ಕೆಲಸ ನೋಡುವಾಗ ಹಾಗೇ ತಲೆಯಾಡಿಸುತ್ತಿದ್ದಳು.

“ನೀಟಾಗಿ ಮಾಡಿದ್ದೀಯ.”

ಏಪ್ರಿಲ್ 19, ಶನಿವಾರ

ಅಂದಿನಿಂದ ತಂಗಿ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಬಾಗಿಲ ಹೊರಗಿಟ್ಟರೆ ತೆಗೆದುಕೊಳ್ಳುತ್ತಾಳೆ.

ತರಕಾರಿಗೆ ಹೋದ ಅಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಬಸ್‌ಸ್ಟಾಪಿನಲ್ಲಿದ್ದಳು, ಚೀಲ ನೆಲಕ್ಕಿಟ್ಟು, ಜಾಹೀರಾತಿನ ಮುಂದೆ. ಆಳೆತ್ತರದ ‘ಮುಗ್ಧೆ’, ನನ್ನ ಕಾಲರಿನಲ್ಲಿ. ಯಾವನೋ ಪೆನ್ನಿನಿಂದ ಮೀಸೆ ಬರೆದಿದ್ದ. ಅಮ್ಮ ಕರವಸ್ತ್ರಕ್ಕೆ ಉಗುಳು ಹಚ್ಚಿ ಉಜ್ಜುತ್ತಿದ್ದಳು. ಬಸ್ಸಿಗೆ ಕಾಯುವವರು ನೋಡುತ್ತಿದ್ದರು. ಒಬ್ಬ ಫೋನು ಎತ್ತಿ ಹಿಡಿದಿದ್ದ.

ಬಾಮ್ಮ ಹೋಗೋಣ ಎಂದು ತೋಳು ಹಿಡಿದೆ.

“ಇವಳನ್ನ ಇಲ್ಲೇ ಬಿಟ್ಟು ಹೋಗೋದಾ?” ಎಂದಳು.

ಏಪ್ರಿಲ್ 21, ಸೋಮವಾರ

ತಂಗಿ ಇವತ್ತು ಅಡುಗೆಮನೆಗೆ ಬಂದಳು. ನಾನು ಪಾತ್ರೆ ತೊಳೆಯುತ್ತಿದ್ದೆ.

“ಎಲ್ಲರ ಮೇಲಿಂದಾನೂ ತೆಗೆಸು. ಒಬ್ಬರ ಮೇಲೂ ಇರಬಾರ್ದು.”

ರಾಜೀನಾಮೆ ಕೊಟ್ಟೆ. ಲೀಡ್ ಬೇಸರಪಟ್ಟ, ನಾಟಕವಲ್ಲ, ನಿಜವಾಗಿಯೇ. ಅದೇ ಕಷ್ಟ. ಕಂಪನಿಯ ವಕೀಲರಿಗೆ ಉದ್ದದ ಪತ್ರ ಕಳಿಸಿದೆ. ಮುಖವನ್ನು ಅಂಗಡಿಯಿಂದ ಇಳಿಸಬೇಕು, ಕೊಂಡವರಿಂದ ವಾಪಸು ಪಡೆಯಬೇಕು, ಎಲ್ಲೂ ಒಂದು ಪ್ರತಿಯೂ ಉಳಿಯಬಾರದು. ಬೂಟು ಒಬ್ಬ ವರದಿಗಾರ್ತಿಯ ನಂಬರು ಕೊಟ್ಟ. ತನ್ನ ಹೆಸರು ಎತ್ತಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದ.

ಏಪ್ರಿಲ್ 30, ಬುಧವಾರ

ವಕೀಲರಿಂದ ಉತ್ತರವಿಲ್ಲ. ವರದಿಗಾರ್ತಿ ಬಂದಿದ್ದಳು. ತಂಗಿ ಮುಖಕ್ಕೆ ಏನೂ ಸುತ್ತಿಕೊಳ್ಳದೆ ಬಂದು ಎದುರು ಕೂತಳು. ಹಳೆಯ ಫೋಟೋ ಒಂದಾದರೂ ಬೇಕಿತ್ತು, ಇಲ್ಲದೆ ಯಾರೂ ನಂಬುವುದಿಲ್ಲ ಎಂದಳು ವರದಿಗಾರ್ತಿ. ಒಂದೂ ಇಲ್ಲ.

“ಈಗಿಂದು ತೆಗ್ದುಕೊಳ್ಳಿ,” ಎಂದಳು ತಂಗಿ.

ಅಮ್ಮ ಎದ್ದು ಹಿತ್ತಲಿಗೆ ಹೋದಳು. ಬೆಳಕು ಸಾಲದು ಎಂದಳು ವರದಿಗಾರ್ತಿ, ನಾನು ದೀಪ ಹಾಕಿದೆ.

ಮೇ 5, ಸೋಮವಾರ

ಸುದ್ದಿ ಬಂತು. ಒಂದು ಪಕ್ಕ ‘ಮುಗ್ಧೆ’, ಇನ್ನೊಂದು ಪಕ್ಕ ತಂಗಿ. ಕಂಪನಿಗೆ ಛೀಮಾರಿ ಹಾಕಿದವರು ಬಹಳ. ಹಾಗೆಯೇ ಎರಡೂ ಚಿತ್ರ ಅಂಟಿಸಿ ನಗೆಚಾಟಿಕೆ ಮಾಡಿದವರೂ ಇದ್ದಾರೆ. ‘ಕೊಳ್ಳುವ ಮುನ್ನ, ಕೊಂಡ ಮೇಲೆ.’ ತಂಗಿ ಎಲ್ಲವನ್ನೂ ಓದುತ್ತಾಳೆ. ಓದಬೇಡ ಎಂದರೆ ಕೇಳುವುದಿಲ್ಲ.

ಮೇ 14, ಬುಧವಾರ. ಬೆಳಿಗ್ಗೆ

ಗೆದ್ದೆವು! ವಕೀಲರ ಮೇಲ್ ಬಂದಿದೆ. ಇವತ್ತು ಮಧ್ಯಾಹ್ನ ‘ಮುಗ್ಧೆ’ಯನ್ನು ಎಲ್ಲರ ಖಾತೆಯಿಂದಲೂ ತೆಗೆಯುತ್ತಾರೆ. ಓದಿ ಹೇಳಿದೆ. ತಂಗಿ ಇನ್ನೊಮ್ಮೆ ಓದಿಸಿದಳು. ಸ್ನಾನ ಮಾಡಿಕೊಂಡು ಬಂದಳು. ತನ್ನ ಹಳೆಯ ಮುಖ ವಾಪಸು ಬಂದ ಮೇಲೆ ಚೌಕದಲ್ಲಿ ತಾನೊಬ್ಬಳೇ ಒಂದು ಸುತ್ತು ಹಾಕಬೇಕಂತೆ. ಹಸಿರು ಮೇಲಂಗಿಯಲ್ಲೇ. ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳಂತೆ.

ಸಂಜೆ

ಎಲ್ಲರ ಮೇಲಿಂದಲೂ ತೆಗೆದಿದ್ದಾರೆ. ಅವಳ ಮೇಲಿಂದಲೂ.

ಮೇಲಂಗಿಯ ಮೇಲೆ, ಮೊದಲ ಸಲ ಆಟಕ್ಕೆ ಬಂದವರಿಗೆಲ್ಲ ಕೊಡುವ ಮುಖ. ಯಾರದೂ ಅಲ್ಲದ್ದು.

ಬೂಟಿಗೆ ಫೋನು ಮಾಡಿದೆ. ತಿದ್ದುವ ಮೊದಲಿನ ಫೈಲು ಎಲ್ಲಾದರೂ ಇರಬೇಕಲ್ಲ. ಬೆಳಿಗ್ಗೆಯೇ ಅಳಿಸಿದ್ದಾರೆ ಎಂದ, ವಕೀಲರು ಎದುರು ನಿಂತು ಅಳಿಸಿಸಿದ್ದಾರೆ. ಒಂದು ಪ್ರತಿಯೂ ಉಳಿಯಬಾರದು ಎಂದು ಯಾರೋ ಕೇಳಿಕೊಂಡಿದ್ದರಂತೆ.

ನಾನು ತಿದ್ದಿದ್ದರ ಚಿತ್ರ ಎಲ್ಲಿ ನೋಡಿದರೂ ಇದೆ, ಪತ್ರಿಕೆಯಲ್ಲಿ, ಫೋನುಗಳಲ್ಲಿ. ತಿದ್ದದೆ ಇದ್ದದ್ದು ಎಲ್ಲೂ ಇಲ್ಲ.

ಮೇ 18, ಭಾನುವಾರ

ಬೀಗ ತೆಗೆದಿದ್ದಾರೆ. ತಂಗಿ ಮತ್ತೆ ಕಟ್ಟಲು ಕೂತಿದ್ದಾಳೆ. ನಿನ್ನೆಯೆಲ್ಲ, ಇವತ್ತೆಲ್ಲ. ಮಧ್ಯಾಹ್ನ ಕರೆದಳು. ಇದೇ ಎನಿಸಿತು ನನಗೆ. ಹೌದು ಎಂದೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು.

“ಅಲ್ಲ. ಇವಳು ಬಸ್‌ಸ್ಟಾಪಿನವಳು.”

ಹಾಗಾದರೆ ನನ್ನದು ಹೇಗಿತ್ತು ಹೇಳಮ್ಮ ಎಂದಳು ತಂಗಿ. ಅಮ್ಮ ಕನ್ನಡಕ ತೆಗೆದಿಟ್ಟಳು. ಆಮೇಲೆ ಎರಡೂ ಕೈಯಲ್ಲಿ ಅವಳ ಮುಖ ಹಿಡಿದಳು. ಬೆಂಕಿಯಾದ ಮೇಲೆ ಯಾರೂ ಹಾಗೆ ಮುಟ್ಟಿರಲಿಲ್ಲ, ಅವಳು ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಕೆನ್ನೆ ತಡವಿದಳು, ದವಡೆ ತಡವಿದಳು. ಇಲ್ಲಿಂದ ಹೀಗೆ ಬರ್ತಿತ್ತು… ಇಲ್ಲಿ ಸ್ವಲ್ಪ… ಇಲ್ಲ, ಇಲ್ಲಿ… ಮತ್ತೆ ಕೆನ್ನೆಯಿಂದಲೇ ಶುರು ಮಾಡಿದಳು, ಇನ್ನಷ್ಟು ಒತ್ತಿ.

“ಬಿಡಮ್ಮ, ನೋಯುತ್ತೆ.”

ಮೇ 25, ಭಾನುವಾರ

ಒಂದು ವಾರ ಅವಳು ಗೇಮು ತೆರೆದಿರಲಿಲ್ಲ. ಇವತ್ತು ಬಂದು ಕೇಳಿದಳು. ಹುಟ್ಟಿದಾಗಿನಿಂದ ದಿನಾ ನೋಡಿದವಳು ನೀನು, ನೀನು ಹೇಳ್ತಾ ಹೋಗು, ನಾನು ಎಳೀತೀನಿ. ಕೋಪವಿರಲಿಲ್ಲ ದನಿಯಲ್ಲಿ. ನಾಳೆ ಬೆಳಿಗ್ಗೆ ಕೂರೋಣ, ಇವತ್ತು ಎಲ್ಲ ಬರೆದಿಟ್ಟುಕೊಳ್ಳುತ್ತೇನೆ ಎಂದೆ.

ಹಣೆ ಅಗಲ. ಕೂದಲಿನ ಅಂಚು ನಡುವೆ ಸ್ವಲ್ಪ ಕೆಳಗಿಳಿದಿತ್ತು. ಕಿವಿ ಸಣ್ಣವು, ಅಮ್ಮನವು. ಕಣ್ಣು — ನಿದ್ದೆಯಿಂದ ಎದ್ದಾಗ ಒಂದು ಚಿಕ್ಕದಾಗಿ ಕಾಣುತ್ತಿತ್ತು, ಆಮೇಲೆ ಸರಿಹೋಗುತ್ತಿತ್ತು. ಗದ್ದ ಅಪ್ಪನದು, ಚೂಪು. ಎಷ್ಟು ಚೂಪು? ಇಳಿಸಿದ ಮೇಲಿನ ಅಳತೆ ಬೆರಳಲ್ಲಿದೆ, ಮೊದಲಿನದು ಇಲ್ಲ.

ಬಾಯಿ. ನಕ್ಕರೆ ಒಂದು ಕಡೆ ಮೇಲೆ. ಎಡಗಡೆ. ಅವಳ ಎಡವಾ, ನೋಡುವವರ ಎಡವಾ? ಬಾಗಿಲಲ್ಲಿ ನಿಂತು ಅಕ್ಕ ಎಂದು ಕೂಗಿದಾಗ, ನಾನು ತಿರುಗಿ ನೋಡಿದರೆ, ಈ ಕಡೆ…